ಆನೆಬಂಡೆಯ ಮುಂದೆ ನಾಗಿಲೆ

ತೋಸಲಿಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದ ನಾಗಿಲೆಯ ಗಂಟಲು ಎಂಥದ್ದೆಂದರೆ, ಅವಳು ಒನಕೆ ಎತ್ತಿ ‘ಹುಂ’ ಎಂದರೆ ನದಿಯಾಚೆಯ ಕೊಕ್ಕರೆಗಳು ಊರು ಬಿಡುತ್ತಿದ್ದವು. ಆ ಗಂಟಲು ಕಟ್ಟಿದ್ದು ಒಂದೇ ಸಲ, ಮಗಧದ ಸೈನ್ಯ ಕಳಿಂಗಕ್ಕೆ ನುಗ್ಗಿದ ವರ್ಷ. ಅಪ್ಪ, ಗಂಡ, ಇಬ್ಬರು ಅಣ್ಣಂದಿರು ಹದಿನೈದೇ ದಿನದಲ್ಲಿ ಯುದ್ಧಕ್ಕೆ ಬಲಿಯಾದರು. ಉಳಿದವನು ತಮ್ಮ ದೇವಿಲ, ದೋಣಿ ನಡೆಸುವವನು.

ಆಮೇಲೆ ಊರಿಗೆ ರಸ್ತೆ ಬಂತು, ಬಾವಿ ಬಂತು, ಮಗಧದ ನ್ಯಾಯಾಧಿಕಾರಿಯೂ ಬಂದ. ಅವನು ಒಂದು ದಿನ ದೋಣಿಯಿಂದ ಇಳಿಯುವಾಗ ಜಾರಿ ಕೆಸರಲ್ಲಿ ಕೂತ. ದೇವಿಲ ನಕ್ಕ. ಅಪರಾಧ ಅಷ್ಟೇ. ಸೆರೆಮನೆ ಸೇರಿದವನು ಎರಡು ಮಳೆಗಾಲ ಕಳೆದರೂ ಹೊರಬರಲಿಲ್ಲ. ರಕ್ತ ಕೆಮ್ಮುತ್ತಿದ್ದಾನೆ, ಈ ಚಳಿ ದಾಟುವುದು ಕಷ್ಟ ಎಂದು ಕಾವಲಿನವನು ಹೇಳಿದ.

ತಿಷ್ಯ ನಕ್ಷತ್ರದ ದಿನ ಊರೆಲ್ಲ ಆನೆಯ ಮುಖ ಕಡೆದ ಆನೆಬಂಡೆಯ ಬಳಿ ಸೇರುವುದು, ಅದರಲ್ಲಿ ಕೆತ್ತಿದ ಮಗಧದ ರಾಜನ ಮಾತನ್ನು ಓದುಗಾರ ರೇಭಿಲ ಓದುವುದು ರೂಢಿ. ಮಿಕ್ಕವರು ತೂಕಡಿಸುತ್ತಿದ್ದಾಗ ನಾಗಿಲೆಯ ಕಿವಿಗೆ ಎರಡು ಮಾತು ಬಿದ್ದವು. ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬಾರದು. ಎರಡು ತಿಷ್ಯಗಳ ನಡುವಿನ ದಿನಗಳಲ್ಲಿ ಒಬ್ಬರೇ ಬಂದರೂ ಇದನ್ನು ಓದಿ ಕೇಳಿಸಬೇಕು.

ಮರುದಿನ ನಡುಮಧ್ಯಾಹ್ನ, ಪಕ್ಕದ ಚಾವಡಿಯಲ್ಲಿ ನ್ಯಾಯಾಧಿಕಾರಿ ಕೂತ ಹೊತ್ತಿಗೆ, ನಾಗಿಲೆ ಅವಲಕ್ಕಿ ಬುಟ್ಟಿ ಇಳಿಸಿ ಬಂಡೆಯ ಮುಂದೆ ಕೂತಳು.

“ಓದಿ ಸ್ವಾಮಿ.”

“ನಿನ್ನೆ ತಾನೇ ಓದಿದೆನಲ್ಲಮ್ಮಾ!”

“ನಿನ್ನೆ ಊಟಾನೂ ಮಾಡಿದ್ರಿ. ಇವತ್ತು ಬೇಡ್ವಾ?”

ರೇಭಿಲ ಓದಿದ. ಮರುದಿನವೂ ಓದಿದ. ಹದಿನೈದನೆಯ ದಿನಕ್ಕೆ ಅವನ ಗಂಟಲು ಎಷ್ಟು ಒಣಗಿತೆಂದರೆ, ಹೊಸ ಬಾವಿಯ ಅರ್ಧ ನೀರು ಅದಕ್ಕೇ ಹೋಯಿತು. ಮೆಲ್ಲಗೆ ಒಂದು ಸಾಲು ನುಂಗಿದ.

“ಸೆರೆಮನೆ ಸಾಲು ಎಲ್ಲಿ ಹೋಯ್ತು?” ನಾಗಿಲೆಯ ಕೂಗಿಗೆ ಚಾವಡಿಯ ಹೆಂಚುಗಳು ಅದುರಿದವು. “ನೀವು ಬಿಟ್ರೆ ನಾನೇ ಹೇಳ್ತೀನಿ!” ಹೇಳಿಯೂಬಿಟ್ಟಳು, ಅಕ್ಷರ ತಪ್ಪದೆ. ಚಾವಡಿಗೆ ಬಂದವರೆಲ್ಲ ತಿರುಗಿ ನ್ಯಾಯಾಧಿಕಾರಿಯ ಮುಖ ನೋಡಿದರು.

ಇನ್ನೊಂದು ದಿನ ‘ಎಲ್ಲ ಮನುಷ್ಯರೂ ನನ್ನ ಮಕ್ಕಳು’ ಎಂಬಲ್ಲಿ ಅವಳೇ ತಡೆದಳು. ಅಂದು ಅವಳ ಸ್ವರ ತಗ್ಗಿತ್ತು.

“ನಮ್ಮಪ್ಪನೂ ಸೇರಿದ್ನಾ, ಸ್ವಾಮಿ?”

ಮಗಧದಲ್ಲಿ ಹುಟ್ಟಿದ ರೇಭಿಲ ಬಂಡೆಯನ್ನು ಮೇಲಿಂದ ಕೆಳಗೆ ನೋಡಿದ. ಅಲ್ಲಿ ಉತ್ತರ ಕೆತ್ತಿರಲಿಲ್ಲ. ಮರುದಿನದಿಂದ ಅವಳು ಕೇಳುವ ಮೊದಲೇ ಎದ್ದು ನಿಂತು, ಚಾವಡಿಯತ್ತ ಮುಖ ಮಾಡಿ ಓದತೊಡಗಿದ.

ನಾಲ್ವತ್ತೊಂದನೆಯ ದಿನ ನ್ಯಾಯಾಧಿಕಾರಿ ಕಿವಿ ಮುಚ್ಚಿಕೊಂಡು ಹೊರಬಂದ. “ಬಿಡ್ರೋ ಆ ದೋಣಿಯವನನ್ನ! ಇವಳ ಬಾಯಿ ಪಾಟಲಿಪುತ್ರಕ್ಕೇ ಕೇಳ್ಸುತ್ತೆ!”

ದೇವಿಲನನ್ನು ಇಬ್ಬರು ಹಿಡಿದು ತಂದರು. ಒಬ್ಬರೇ ಸಾಕಿತ್ತು; ಅವಲಕ್ಕಿ ಬುಟ್ಟಿಯೇ ಅವನಿಗಿಂತ ಭಾರ. ನಾಗಿಲೆ ಅಳಲಿಲ್ಲ. ಹಿಡಿ ಅವಲಕ್ಕಿ ನೆನೆಸಿ, ಕಿವುಚಿ, ಬೆರಳ ತುದಿಯಲ್ಲಿ ತಮ್ಮನ ಬಾಯಿಗಿಟ್ಟಳು.

“ನಿಧಾನ ಕಣೋ, ಗಂಟಲಿಗೆ ಸಿಕ್ಕೀತು.”

ರೇಭಿಲ ನೀರು ತಂದುಕೊಟ್ಟ. “ನಾಳೆಯಿಂದ ನೀನು ಬರಲ್ಲ ಅನ್ನು.”

ಅವಳು ತಮ್ಮನ ಗಲ್ಲ ಒರೆಸಿದಳು. “ತಾಳಿ ಸ್ವಾಮಿ. ಒಳಗೆ ಇನ್ನೂ ಎಷ್ಟು ಜನ ಇದಾರೆ ಅಂತ ಇವನನ್ನ ಕೇಳಿ ಹೇಳ್ತೀನಿ.”