ಗುರುಗಳು ಕೊಡುವ ಕಾರಣ
ದೇಶದಲ್ಲಿ ಎಲ್ಲಿ ಏನು ಕುಸಿದರೂ ಗುರುಗಳ ಬಳಿ ಕಾರಣ ಸಿದ್ಧವಿರುತ್ತಿತ್ತು. ರೈಲು ಹಳಿ ತಪ್ಪಿದರೆ ಹೆಣ್ಣುಮಕ್ಕಳು ಕೂದಲು ಕತ್ತರಿಸಿಕೊಂಡದ್ದು, ಪ್ರವಾಹ ಬಂದರೆ ಹುಡುಗ ಹುಡುಗಿ ತಾವೇ ಒಪ್ಪಿ ಮದುವೆಯಾದದ್ದು. ಭೂಮಿ ನಡುಗಿದ ವರ್ಷವಂತೂ ಗಂಡಸರು ಅಡುಗೆಮನೆ ಹೊಕ್ಕದ್ದನ್ನೂ ಬಿಡಲಿಲ್ಲ. ಟಿವಿಯವರು ಬಂದರೆ ಶಾಲು ಸರಿಮಾಡಿಕೊಂಡು, "ನಾನು ಆಗಲೇ ಹೇಳಿದ್ದೆ" ಎಂದೇ ಶುರುಮಾಡುವರು. ಹೇಳಿ ಹೇಳಿ ಅವರಿಗೂ ಸಾಕಾಗಿತ್ತು. ಮಾತು ಮುಗಿದೊಡನೆ ಕುರ್ಚಿಗೊರಗಿ ಮಂಡಿ ನೀವಿಕೊಳ್ಳುತ್ತಾ, "ಜನ ಕೇಳ್ತಾರೆ, ಏನಾದ್ರೂ ಹೇಳ್ಬೇಕಲ್ಲ" ಎಂದು ಹೆಂಡತಿಯ ಮುಂದೆ ಗೊಣಗುವರು. ಮೊನ್ನೆ ಹೊಳೆಯ ಸೇತುವೆ ಮುರಿದು ಬಸ್ಸೊಂದು ನೀರಿಗೆ ಬಿತ್ತು. ಮರುದಿನ ಬೆಳಗ್ಗೆಯೇ ಟಿವಿಯವರು ಅಂಗಳ ತುಂಬಿದರು. ಗುರುಗಳು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರ ತಂಗಿ ಗುಂಪು ಸೀಳಿಕೊಂಡು ಬಂದಳು. ಆ ಬಸ್ಸಿನಲ್ಲಿ ಸತ್ತವರಲ್ಲಿ ಅವಳ ಮಗಳೂ ಒಬ್ಬಳು; ನರ್ಸ್ ಕೆಲಸ ಹಿಡಿದು ಒಬ್ಬಳೇ ಮನೆ ಮಾಡಿಕೊಂಡಿದ್ದವಳು, ಈ ಸೋದರಮಾವನ ಹೆಗಲೇರಿ ಬೆಳೆದವಳು. "ಹೇಳಣ್ಣ, ಎಲ್ಲರ ಮುಂದೆ ಹೇಳು. ನನ್ನ ಮಗಳು ಏನು ತಪ್ಪು ಮಾಡಿದ್ಳು?" ಮೈಕುಗಳು ಹತ್ತಿರ ಬಂದವು. ಗುರುಗಳು ತಂಗಿಯತ್ತ ತಿರುಗಿದರು. "ಸೇತುವೆ ಹಳೇದಾಗಿತ್ತು, ತಂಗಿ. ಯಾರೂ ರಿಪೇರಿ ಮಾಡ್ಸಿರ್ಲಿಲ್ಲ" ಎಂದರು. ಟಿವಿಯವರು ಇನ್ನೂ ಏನೋ ಬರುತ್ತದೆಂದು ಕಾದರು. ಗುರುಗಳು ತಂಗಿಯ ಪಕ್ಕ ಬರೀ ನೆಲದ ಮೇಲೆ ಕೂತುಬಿಟ್ಟರು.