ಯಾರದೋ ಕೂಗಿಗೆ ನನ್ನ ‘ಓ’

ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ಯಾವ ಮಗು “ಅಮ್ಮಾ” ಎಂದು ಕೂಗಿದರೂ ನಾನು “ಓ” ಎಂದುಬಿಡುತ್ತೇನೆ. ತಿರುಗಿ ನೋಡಿದರೆ ಮಗು ತನ್ನ ಅಮ್ಮನ ಸೆರಗು ಜಗ್ಗುತ್ತಿರುತ್ತದೆ; ಸೊಪ್ಪಿನವಳು ನನ್ನನ್ನು ನೋಡಿ ನಗುತ್ತಿರುತ್ತಾಳೆ. ಹಳೆಯ ಚಾಳಿ. ಕಾನ್ವೆಂಟಿನಲ್ಲಿ ಗೆಳತಿ ತಡವಾಗಿ ಬಂದ ದಿನ ಅವಳ ಹೆಸರಿಗೆ ನಾನೇ “ಪ್ರೆಸೆಂಟ್ ಸಿಸ್ಟರ್” ಎಂದು ಹೇಳಿ, ಇಡೀ ಪೀರಿಯಡ್ಡು ಬೆಂಚಿನ ಮೇಲೆ ನಿಂತವಳು ನಾನು.

ಯಂತ್ರಗಳ ಲೋಕದಲ್ಲಿ ಈ ಚಾಳಿಗೆ ಭಾರೀ ಮರ್ಯಾದೆಯಂತೆ. ಕಚೇರಿಯ ಸರ್ವರುಗಳನ್ನು ನೋಡಿಕೊಳ್ಳುವ ನಮ್ಮ ಯಜಮಾನರು ಮೊನ್ನೆ ಕಾಫಿಯ ಹೊತ್ತಿಗೆ ಹೇಳಿದರು. ಸರ್ವರುಗಳು ಜೋಡಿಯಾಗಿರುತ್ತವೆ. ಒಂದು ದುಡಿಯುತ್ತದೆ, ಇನ್ನೊಂದು ಕಾಯುತ್ತದೆ. ದುಡಿಯುವುದು ಕ್ಷಣಕ್ಕೊಮ್ಮೆ “ನಾನಿದ್ದೇನೆ” ಎಂದು ಸುದ್ದಿ ಕಳಿಸುತ್ತಿರಬೇಕು. ಸುದ್ದಿ ನಿಂತಿತೋ, ಕಾಯುತ್ತಿದ್ದದ್ದು ಅದರ ವಿಳಾಸವನ್ನೇ ತನ್ನದಾಗಿಸಿಕೊಂಡು ಉತ್ತರ ಕೊಡತೊಡಗುತ್ತದೆ. ಕೇಳಿದವರಿಗೆ ಬದಲಾದದ್ದೇ ತಿಳಿಯುವುದಿಲ್ಲ.

“ಅಯ್ಯ, ಇದನ್ನ ನಾನೂ ಗಿರಿಜಕ್ಕನೂ ದೋಣಿಮಲೈಯಾಗ ಬರೇ ಸೌಟಿನಿಂದ ಮಾಡಿದ್ವಲ್ರೀ!” ಎಂದೆ.

ದೋಣಿಮಲೈ ಕಬ್ಬಿಣದ ಗಣಿಯ ಕ್ವಾರ್ಟರ್ಸಿನಲ್ಲಿ ನಮ್ಮ ಅಡುಗೆಮನೆಗೂ ಪಕ್ಕದ ಗಿರಿಜಕ್ಕನ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಮಗಿನ್ನೂ ಮಕ್ಕಳಾಗಿರಲಿಲ್ಲ. ಗಿರಿಜಕ್ಕನಿಗೆ ಆರು ವರ್ಷದ ಸುಮಾ. ಗಿರಿಜಕ್ಕ ಕಾಮಾಲೆಯಾಗಿ ಒಂದು ತಿಂಗಳ ಮಟ್ಟಿಗೆ ಆಸ್ಪತ್ರೆ ಸೇರಿದಾಗ ಸುಮಾ ನಮ್ಮ ಮನೆಗೆ ಬಂದಳು. ಮೊದಲ ವಾರ “ಆಂಟಿ”. ಎರಡನೇ ವಾರ ಬಚ್ಚಲಿನಿಂದ “ಅಮ್ಮಾ, ಟವೆಲ್ಲು” ಎಂದು ಕೂಗಿದಳು. ನಾನು ತಿದ್ದಲಿಲ್ಲ. ಅವಳ ಬಿಳಿ ಕಾಲುಚೀಲದ ಅದಿರಿನ ಕೆಂಪನ್ನು ದಿನಾ ತಿಕ್ಕಿದೆ. ಅದು ಕೊನೆಗೂ ಪೂರ್ತಿ ಹೋಗಲಿಲ್ಲ.

ಗಿರಿಜಕ್ಕ ಕಡ್ಡಿಯಾಗಿ ಮರಳಿದಳು. ಸುಮಾ ತನ್ನ ಮನೆಗೆ ಹೋದಳು. ಆದರೆ ದಿನಾ ಏಳುವ ತ್ರಾಣ ಗಿರಿಜಕ್ಕನಿಗೆ ಇರಲಿಲ್ಲವಲ್ಲ. ಅದಕ್ಕೊಂದು ಒಪ್ಪಂದ ಮಾಡಿಕೊಂಡೆವು. ಎದ್ದ ದಿನ ಅವಳು ಆರೂವರೆಗೆ ಸೌಟಿನಿಂದ ಗೋಡೆಗೆ ಎರಡು ಸಲ ಬಡಿಯಬೇಕು. ಸದ್ದಿಲ್ಲದಿದ್ದರೆ ಸುಮಾಳ ಜಡೆ, ಡಬ್ಬಿ ಎರಡೂ ನನ್ನವು. ನಿಜ ಹೇಳಿಬಿಡುತ್ತೇನೆ: ನಾನು ಗೋಡೆಗೆ ಕಿವಿಯಿಟ್ಟು, ಸದ್ದು ಬಾರದಿರಲಿ ಎಂದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಸರಿಯಾಗಿ ಆರೂವರೆಗೆ ಮಿಕ್ಸಿ ಹಾಕಿದೆ. ಚಟ್ನಿಯನ್ನು ಆಮೇಲೆ ರುಬ್ಬಬಹುದಿತ್ತು.

ಅವಲಕ್ಕಿ ತುಂಬಿದ ಡಬ್ಬಿ ಹಿಡಿದು ಹೊರಗೆ ಬಂದರೆ, ಸುಮಾ ಆಗಲೇ ಗೇಟಿನಲ್ಲಿದ್ದಳು. ಎರಡು ಜಡೆ, ಕೆಂಪು ರಿಬ್ಬನ್ನು, ಕೈಯಲ್ಲಿ ಬೇರೆ ಡಬ್ಬಿ. ಬಸ್ಸು ಹಾರನ್ ಹೊಡೆಯಿತು. ಅವಳು ತಿರುಗಿ, “ಅಮ್ಮಾ, ನೀರಿನ ಬಾಟ್ಲಿ!” ಎಂದಳು.

ಎರಡು ಬಾಗಿಲುಗಳಿಂದ ಒಟ್ಟಿಗೆ ಎರಡು “ಓ” ಬಂದವು.

ಯಂತ್ರದವರು ಅತಿ ಹೆಚ್ಚು ಹೆದರುವುದು ಇದಕ್ಕೇ ಅಂತೆ: ಮೊದಲನೆಯದು ಬದುಕೇ ಇದೆ, ಸುದ್ದಿ ಮಾತ್ರ ತಲುಪಿಲ್ಲ, ಒಂದೇ ವಿಳಾಸಕ್ಕೆ ಇಬ್ಬರೂ ಉತ್ತರ ಕೊಡುತ್ತಿದ್ದಾರೆ. ಮಗು ನಮ್ಮಿಬ್ಬರನ್ನೂ ನೋಡುತ್ತ ನಿಂತಿತು.

“ಯಾಕವ್ವಾ, ನನ್ನ ಸೌಟು ಕೇಳ್ಸಲಿಲ್ಲೇನು?” ಎಂದಳು ಗಿರಿಜಕ್ಕ.

“ಮಿಕ್ಸಿ ಹಾಕಿದ್ದೆ ಅಕ್ಕಾ.”

ಅವಳು ನನ್ನ ಕೈಯ ಡಬ್ಬಿಯನ್ನೂ ಮುಖವನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ, “ಲೇ ಸುಮಿ, ಎರಡೂ ಡಬ್ಬಿ ತಗೊಂಡು ಹೋಗು. ಇಬ್ರನ್ನ ಕರದ್ರ ಇಬ್ರದೂ ತಿನಬೇಕು!” ಎಂದು ನಕ್ಕಳು.

ನೀರಿನ ಬಾಟಲಿ ನಮ್ಮ ಮನೆಯಲ್ಲೇ ಉಳಿದಿತ್ತು. ತುಂಬಿ ತಂದೆ. ಸುಮಾ ಕೈ ಚಾಚಿದಳು. ನಾನು ಗಿರಿಜಕ್ಕನ ಕೈಗೆ ಕೊಟ್ಟೆ. ಅವಳು ಮಗಳಿಗೆ ಕೊಟ್ಟಳು. ಮರುದಿನದಿಂದ ನಮ್ಮ ಮನೆಯ ಮಿಕ್ಸಿ ಸ್ಕೂಲ್ ಬಸ್ಸು ಹೋದಮೇಲೆಯೇ ತಿರುಗಿತು.

ಸುಮಾ ಈಗ ಕಂಪ್ಲಿಯಲ್ಲಿ ಟೀಚರು. ಫೋನಿನಲ್ಲಿ ನಾನು ಮತ್ತೆ “ಆಂಟಿ”.

“ಮೊದಲನೇದು ಚೇತರಿಸಿಕೊಂಡ್ರ ಎರಡನೇದು ವಿಳಾಸ ವಾಪಸ್ ಕೊಡತೈತಿ,” ಎಂದರು ಯಜಮಾನರು, ಕಾಫಿ ಮುಗಿಸುತ್ತ.

“ಅದು ಹೊಟ್ಟಿ ಉರಕೊಳ್ಳಂಗಿಲ್ಲೇನ್ರೀ?”

“ಯಂತ್ರಕ್ಕ ಹೊಟ್ಟಿ ಎಲ್ಲೈತಿ?”

“ಕೊಟ್ಟ ಮ್ಯಾಲೆ ಅದನ್ನ ಆಫ್ ಮಾಡಿಬಿಡ್ತಾರೇನ್ರೀ?”

“ಏ, ಇಲ್ಲ. ಅದು ಕಿವಿ ಕೊಟ್ಟು ಕೇಳ್ಕೊಂತನ ಇರತೈತಿ.”

ಹಾಗಿದ್ದರೆ ಸರಿ. ಸೊಪ್ಪಿನವಳು ನಗಲಿ ಬಿಡಿ.