ಅಕ್ಕನ ಚೀಲದ ಟ್ಯೂಬು

ತೊಂಬತ್ತರ ದಶಕದ ಮಾತು. ಹಂಗಳ ಎಂಬ ಊರಲ್ಲಿ ನನ್ನ ಮನೆ, ಪಕ್ಕದಲ್ಲೇ ಅಕ್ಕನ ಮನೆ. ಅಕ್ಕನಿಗೆ ಮುಟ್ಟು ನಿಂತು ವರ್ಷವಾಗಿತ್ತು. ರೇಷ್ಮೆಹುಳಕ್ಕೆ ಸೊಪ್ಪು ಹಾಕುವ ನೆಪ ಹೇಳಿ, ಭಾವನನ್ನು ಬಿಟ್ಟು ಹುಳದ ಮನೆಯಲ್ಲೇ ಮಲಗುತ್ತಿದ್ದಳು. ಆದರೆ ಈರುಳ್ಳಿ ಮಾರಲು ಗುಂಡ್ಲುಪೇಟೆಗೆ ಹೋಗುವ ದಿನ ಮಾತ್ರ ಒಳ್ಳೆಯ ಸೀರೆ ಉಡುತ್ತಿದ್ದಳು, ಮಾರಾಟ ಮಧ್ಯಾಹ್ನಕ್ಕೇ ಮುಗಿದರೂ ಸಂಜೆಯ ಬಸ್ಸಿಗೇ ಬರುತ್ತಿದ್ದಳು.

ಅನುಮಾನ ಬಂದು ಒಂದು ದಿನ ಅವಳ ಚೀಲ ತಡಕಿದೆ. ಎಲೆಅಡಿಕೆಯ ಅಡಿಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಒಂದು ಟ್ಯೂಬು ಸಿಕ್ಕಿತು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅದರ ಮೇಲಿನ ಇಂಗ್ಲಿಷ್ ಓದಲು ಬರಲಿಲ್ಲ. ಅಕ್ಕನನ್ನೇ ಕೇಳಬಹುದಿತ್ತು. ಮುಖಕ್ಕೆ ಹಚ್ಚುವ ಕ್ರೀಮಿರಬೇಕು, ಪೇಟೆಯಲ್ಲಿ ಯಾರಿಗಾಗಿಯೋ ಸಿಂಗಾರ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡು, ಅದನ್ನೇ ಹೇಳಿ ಭಾವನ ಕೈಗೆ ಕೊಟ್ಟೆ.

ಭಾವ ಅದನ್ನು ಒಲೆಗೆ ಎಸೆದ. "ಇನ್ಮೇಲೆ ಪ್ಯಾಟೆಗೆ ನಾನೇ ಓಯ್ತೀನಿ. ನೀ ಮನೇಲಿ ಬಿದ್ದಿರು" ಎಂದು ಅವಳಿಗೆ ಹೇಳಿದ.

ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದಳು. "ಮುಟ್ಟು ನಿಂತ ಮ್ಯಾಲೆ ಗಂಡನ ಜೊತೆ ಮಲಗಿದ್ರೆ ಪ್ರಾಣ ಓದಂಗೆ ನೋವು ಕಣಮ್ಮಿ. ಪ್ಯಾಟೆ ಲೇಡಿ ಡಾಕ್ಟ್ರ ತಾವ ಓಗಕ್ಕೇ ಒಳ್ಳೆ ಸೀರೆ ಉಟ್ಟು ಸಂಜೆಗಂಟ ಇರ್ತಿದ್ದೆ, ಅವರು ಕೊಟ್ಟಿದ್ದ ಔಸ್ತಿ ಅದು. ವಾಸಿಯಾದ್ರೆ ನಿಮ್ಮ ಭಾವನ ಪಕ್ಕಕ್ಕೇ ಓಗನ ಅಂತಿದ್ದೆ."

"ಭಾವಂಗೆ ಹೇಳ್ಬುಡು."

"ಈಗ ನಾ ಹೇಳಿದ್ರೆ ನಂಬ್ತಾನಾ?"

ನಾನು ಹೇಳಿದ್ದರೆ ನಂಬುತ್ತಿದ್ದ. ಇಂಥ ಮಾತು ಭಾವನ ಮುಂದೆ ಹೇಗೆ ಆಡುವುದೆಂದು ನಾಚಿ ಸುಮ್ಮನಾದೆ. ಅವಳ ಮೇಲೆ ಚಾಡಿ ಹೇಳುವಾಗ ಆ ನಾಚಿಕೆ ಇರಲಿಲ್ಲ. ಅಕ್ಕ ಕೊನೆಯವರೆಗೂ ಹುಳದ ಮನೆಯಲ್ಲೇ ಮಲಗಿದಳು.